ಕಾವಲಿನ ಹಕ್ಕಿ, ಲೋಕದ ಲೆಕ್ಕ

ಮನುಷ್ಯರೂ ಕಂಪ್ಯೂಟರುಗಳೂ ಕೂಡಿ ಇಡೀ ಲೋಕಕ್ಕೊಂದು ಮನಸ್ಸು ರೂಪುಗೊಳ್ಳುತ್ತಿದೆ ಎಂಬ ಮಾತನ್ನು ನೀವು ಕೇಳಿರಬಹುದು. ಮಾತು ಹಳೆಯದೇ. ಎಲ್ಲರ ತಿಳಿವಳಿಕೆಯನ್ನು ಒಂದೆಡೆ ಸೇರಿಸಿ, ಸದಾ ತಿದ್ದುತ್ತಲೇ ಇರುವ ವಿಶ್ವಕೋಶವೊಂದು ಬೇಕು ಎಂದು ಎಚ್.ಜಿ. ವೆಲ್ಸ್ 1938ರ ‘ವರ್ಲ್ಡ್ ಬ್ರೈನ್’ ಪುಸ್ತಕದಲ್ಲಿ ವಾದಿಸಿದ್ದ. ಮನುಷ್ಯ ಮತ್ತು ಕಂಪ್ಯೂಟರ್ ಜೊತೆಯಾಗಿ ಯೋಚಿಸುವ ಕಾಲ ಬರುತ್ತದೆ ಎಂದು ಅಮೆರಿಕದ ಜೆ.ಸಿ.ಆರ್. ಲಿಕ್‌ಲೈಡರ್ 1960ರಲ್ಲಿ ಬರೆದ. ಇಂಥ ಕೂಡು ಮನಸ್ಸು ಏನೆಂದು ಅರ್ಥವಾಗಲು ಚಳ್ಳಕೆರೆ ಸೀಮೆಯ ವರವು ಕಾವಲ್ ಒಳ್ಳೆಯ ಜಾಗ.

ಅಮೃತಮಹಲ್ ದನಗಳಿಗೆಂದು ಬಿಟ್ಟ ಹುಲ್ಲುಗಾವಲು ಇದು. ಇಲ್ಲಿನ ನಾಲ್ಕು ಸಾವಿರ ಎಕರೆಗೂ ಮಿಕ್ಕ ನೆಲದಲ್ಲಿ ಡಿಆರ್‌ಡಿಒ ಸಂಸ್ಥೆಯ ವಿಮಾನ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಯಾಯಿತು. ಇಸ್ರೋದ ಮರುಬಳಕೆಯ ಬಾಹ್ಯಾಕಾಶ ವಾಹನದ ಮಾದರಿ ‘ಪುಷ್ಪಕ್’ ಅನ್ನು ಇಲ್ಲಿ 2023ರಲ್ಲಿ ಒಮ್ಮೆ, 2024ರಲ್ಲಿ ಎರಡು ಸಲ ಸುಮಾರು ನಾಲ್ಕೂವರೆ ಕಿ.ಮೀ. ಎತ್ತರದಲ್ಲಿ ಹೆಲಿಕಾಪ್ಟರಿನಿಂದ ಬಿಟ್ಟರು. ಪೈಲಟ್ ಇಲ್ಲದೆ ಅದು ತಾನಾಗಿಯೇ ರನ್‌ವೇಗೆ ಇಳಿಯಿತು. ಇದನ್ನು ಕೂಡು ಮನಸ್ಸು ಎನ್ನಬಹುದೇ? ಇಲ್ಲ. ಯಂತ್ರ ಒಪ್ಪಿಸಿದ ಕೆಲಸವನ್ನು ಚೊಕ್ಕಟವಾಗಿ ಮುಗಿಸಿತು, ಅಷ್ಟೆ. ಕೂಡು ಮನಸ್ಸಿನಲ್ಲಿ ಕಲಿಕೆ ಎರಡೂ ಕಡೆಯಿಂದ ನಡೆಯಬೇಕು.

ಅದಕ್ಕೆ ಉದಾಹರಣೆಯಾಗಿ ಹಕ್ಕಿ ನೋಡುವವರು ಬಳಸುವ ‘ಇ-ಬರ್ಡ್’ ಜಾಲತಾಣ ನೋಡಿ. 2002ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಕಾವಲಿನ ಅಂಚಿನಲ್ಲಿ ಅರ್ಧ ಗಂಟೆ ನಡೆದು ಗೌಜಲಹಕ್ಕಿ ಎಷ್ಟು, ನೆಲಗುಬ್ಬಿ ಎಷ್ಟು ಎಂದು ಎಣಿಸಿ, ಜಾಗ, ಹೊತ್ತು, ನಡೆದ ದೂರದ ಜೊತೆ ಫೋನಿನಲ್ಲಿ ದಾಖಲಿಸುತ್ತೀರಿ. ಕೊನೆಗೊಂದು ಪ್ರಶ್ನೆ ಬರುತ್ತದೆ: ಗುರುತಿಸಿದ ಹಕ್ಕಿಗಳನ್ನೆಲ್ಲ ಬರೆದಿರಾ? ‘ಹೌದು’ ಎಂದರೆ, ಪಟ್ಟಿಯಲ್ಲಿಲ್ಲದ ಹಕ್ಕಿಯೂ ಲೆಕ್ಕಕ್ಕೆ ಬರುತ್ತದೆ. ಅದು ನಿಮಗೆ ಕಾಣಲಿಲ್ಲ ಎಂಬುದೂ ಮಾಹಿತಿಯೇ. ಆ ಸೀಮೆಗೆ, ಆ ತಿಂಗಳಿಗೆ ಹೊಂದದ ಸಂಖ್ಯೆ ಬಂದರೆ ಕಂಪ್ಯೂಟರ್ ತಡೆದು ನಿಲ್ಲಿಸುತ್ತದೆ. ಆದರೆ ತೀರ್ಮಾನ ಅದರದಲ್ಲ. ಹಕ್ಕಿ ಬಲ್ಲ ಸ್ವಯಂಸೇವಕರು ವಿವರ ಕೇಳಿ ಒಪ್ಪುತ್ತಾರೆ, ಇಲ್ಲವೇ ಬದಿಗಿಡುತ್ತಾರೆ. ಜನ ಕಳಿಸಿದ ಧ್ವನಿಮುದ್ರಣಗಳಿಂದ ಕಲಿತ ‘ಮರ್ಲಿನ್’ ಆ್ಯಪ್, ಕೂಗು ಕೇಳಿ ಹಕ್ಕಿಯ ಹೆಸರನ್ನು ಹೊಸಬರಿಗೆ ಹೇಳಿಕೊಡುತ್ತದೆ.

ಹೀಗೆ 30 ಸಾವಿರಕ್ಕೂ ಹೆಚ್ಚು ಜನರ ಸುಮಾರು 3 ಕೋಟಿ ದಾಖಲೆಗಳಿಂದ ಭಾರತದ 942 ಬಗೆಯ ಹಕ್ಕಿಗಳ ಸ್ಥಿತಿಗತಿ ವರದಿ 2023ರಲ್ಲಿ ಬಂತು. ಬಯಲು ಹುಲ್ಲುಗಾವಲನ್ನೇ ನಂಬಿದ ಹಕ್ಕಿಗಳು ಕುಸಿಯುತ್ತಿವೆ ಎಂದು ಅದು ತೋರಿಸಿತು. ಯಾವ ಒಬ್ಬ ಪಂಡಿತನಿಗೂ, ಯಾವ ಒಂದು ಯಂತ್ರಕ್ಕೂ ಒಂಟಿಯಾಗಿ ಸಿಗುವ ತಿಳಿವಳಿಕೆಯಲ್ಲ ಇದು.

ಈ ಮನಸ್ಸಿಗೂ ಮಿತಿಯಿದೆ. ಯಾರೂ ಕಾಲಿಡದ, ಬೇಲಿಯೊಳಗಿನ ನೆಲದ ಬಗ್ಗೆ ಅದಕ್ಕೆ ಹೇಳಲು ಹೆಚ್ಚೇನೂ ಇರುವುದಿಲ್ಲ. ನಕ್ಷೆಯಲ್ಲಿ ಖಾಲಿ ಕಂಡದ್ದನ್ನು ಹಕ್ಕಿಯಿಲ್ಲ ಎಂದು ಓದಿದರೆ ತಪ್ಪು. ಅಲ್ಲಿ ನೋಡಿದವರಿಲ್ಲ ಎಂದಷ್ಟೇ ಓದಬೇಕು. ಈ ಸೀಮೆಯ ಮ್ಯಾಸಬೇಡರಲ್ಲಿ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳಿದ್ದಾರೆ. ಯಾವ ಮಳೆಗೆ ಯಾವ ಹುಲ್ಲು ಏಳುತ್ತದೆ, ಎರೆಭೂತ ಹಕ್ಕಿ ಹಿಂದೆ ಎಲ್ಲಿ ಕಾಣುತ್ತಿತ್ತು ಎಂಬಂಥ ಮಾತು ತಿಳಿಯಬೇಕಾದರೆ ದಿನವಿಡೀ ಬಯಲಲ್ಲಿರುವ ಇಂಥವರನ್ನು ಕೇಳಬೇಕು. ಅವರು ಬಲ್ಲದ್ದು ಫೋನಿಗೆ ಇಳಿಯುವವರೆಗೆ ಲೋಕದ ಮನಸ್ಸು ಎನ್ನುವುದು ಫೋನೂ ಬಿಡುವೂ ಇದ್ದವರ ಮನಸ್ಸು ಮಾತ್ರ.

ಫೆಬ್ರುವರಿಯಲ್ಲಿ ನಾಲ್ಕು ದಿನ ಲೋಕದಾದ್ಯಂತ ಹಿತ್ತಲ ಹಕ್ಕಿಗಳ ಎಣಿಕೆ ನಡೆಯುತ್ತದೆ. ಹದಿನೈದು ನಿಮಿಷ ನೋಡಿ ಬರೆದರೆ ಸಾಕು. ಹೊಸಬರು ಅಲ್ಲಿಂದ ಶುರುಮಾಡಿ. ಹೋಗುವಾಗ ದನ ಕಾಯುವವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಹೆಸರು ಅವರು ಹೇಳಲಿ, ನೀವು ಬರೆದುಕೊಳ್ಳಿ.