ಕಲಾ ಗ್ಯಾಲರಿ ಭೇಟಿಯ ನಂತರದ ಬರಹ: ಎಂಟನೇ ತರಗತಿಯಲ್ಲಿ ಒಂದು ಬೋಧನಾನುಭವ

ಶಾಲಾ ಅನುಭವ ಕಾರ್ಯಕ್ರಮದ ಅವಧಿಯಲ್ಲಿ ಮೈಸೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಎಂಟನೇ ತರಗತಿಗೆ ಕನ್ನಡ ಬೋಧಿಸಿದೆ. ಆಗ 34 ಮಕ್ಕಳನ್ನು ಜಗನ್ಮೋಹನ ಅರಮನೆಯ ಶ್ರೀ ಜಯಚಾಮರಾಜೇಂದ್ರ ಕಲಾ ಗ್ಯಾಲರಿಗೆ ಕರೆದೊಯ್ಯುವ ಅವಕಾಶ ಒದಗಿತು. ಭೇಟಿಯ ನಂತರ ಪ್ರಬಂಧ ಬರೆಸುವುದು ವಾಡಿಕೆ. ಬಸ್ಸು ಎಷ್ಟು ಗಂಟೆಗೆ ಹೊರಟಿತು, ಮಧ್ಯಾಹ್ನ ಏನು ತಿಂದೆವು, ಕೊನೆಗೆ ‘ತುಂಬಾ ಖುಷಿಯಾಯಿತು’ ಎಂಬುದರಲ್ಲೇ ಪುಟ ತುಂಬುತ್ತದೆ. ನೋಡಿದ ಚಿತ್ರಗಳಿಗೆ ಸಿಗುವುದು ಒಂದು ವಾಕ್ಯ. ಆ ಒಂದು ವಾಕ್ಯವನ್ನು ಹಿಗ್ಗಿಸಬಹುದೇ ಎಂಬುದೇ ಈ ಪಾಠದ ಉದ್ದೇಶವಾಗಿತ್ತು.

ಪೂರ್ವಸಿದ್ಧತೆ

ಅರಮನೆ ಕಟ್ಟಿದ್ದು 1861ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಅದು ಕಲಾ ಗ್ಯಾಲರಿಯಾದದ್ದು 1915ರಲ್ಲಿ. ಹಿಂದಿನ ದಿನ ಇಷ್ಟನ್ನು ಮಾತ್ರ ಹೇಳಿದೆ. ಚಿತ್ರಗಳ ಬಗ್ಗೆ ಏನೂ ಹೇಳಲಿಲ್ಲ. ಫಿಲಿಪ್ ಯೆನವೈನ್ ಮತ್ತು ಅಬಿಗೇಲ್ ಹೌಸೆನ್ ರೂಪಿಸಿದ ಚಿತ್ರವೀಕ್ಷಣಾ ವಿಧಾನದಲ್ಲಿ ಮೂರು ಪ್ರಶ್ನೆಗಳಿವೆ. ಅವನ್ನು ಮಕ್ಕಳ ಮಾತಿಗೆ ಇಳಿಸಿ ಕಪ್ಪುಹಲಗೆಯ ಮೇಲೆ ಬರೆದೆ:

1. ಈ ಚಿತ್ರದಲ್ಲಿ ಏನು ನಡೆಯುತ್ತಿದೆ?
2. ಏನನ್ನು ನೋಡಿ ಹಾಗೆ ಹೇಳುತ್ತೀಯ?
3. ಇನ್ನೂ ಏನೇನು ಕಾಣುತ್ತದೆ?

ಗ್ಯಾಲರಿಯಲ್ಲಿ ಎಲ್ಲವನ್ನೂ ನೋಡಬಹುದು, ಆದರೆ ಒಂದೇ ಚಿತ್ರದ ಮುಂದೆ ಹತ್ತು ನಿಮಿಷ ನಿಲ್ಲಬೇಕು ಎಂಬ ನಿಯಮ ಮಾಡಿಕೊಂಡೆವು.

ಗ್ಯಾಲರಿಯಲ್ಲಿ

ಹೆಚ್ಚಿನ ಮಕ್ಕಳು ನಿಂತದ್ದು ಎಸ್. ಎಲ್. ಹಲ್ದಣಕರ್ ಅವರ ದೀಪ ಹಿಡಿದ ಹೆಣ್ಣಿನ ಚಿತ್ರದ ಮುಂದೆ. ಇದು ಜಲವರ್ಣದ ಕೃತಿ. ಕಲಾವಿದರು ತಮ್ಮ ಮಗಳನ್ನೇ ನಿಲ್ಲಿಸಿ 1945–46ರಲ್ಲಿ ಬರೆದದ್ದು. ಆಕೆ ಒಂದು ಕೈಯಲ್ಲಿ ದೀಪ ಹಿಡಿದು, ಇನ್ನೊಂದು ಕೈಯನ್ನು ಕುಡಿಗೆ ಮರೆಮಾಡಿದ್ದಾಳೆ. ಬೆರಳುಗಳು ಬೆಳಕಿಗೆ ಕೆಂಪಾಗಿವೆ. ಮೊದಲ ಎರಡು ನಿಮಿಷ ಗದ್ದಲ. ಐದನೆಯ ನಿಮಿಷದ ಹೊತ್ತಿಗೆ ಪಿಸುಮಾತು. ನಂತರ ಕೆಲವರು ತಮ್ಮ ಅಂಗೈಯನ್ನೇ ಬಾಗಿಸಿ ನೋಡಿಕೊಳ್ಳತೊಡಗಿದರು.

ಮಕ್ಕಳು ಬರೆದದ್ದು

ಮರುದಿನ ಒಂದು ಅವಧಿ ಬರವಣಿಗೆಗೆ ಕೊಟ್ಟೆ. ‘ಚಿತ್ರದ ಹಿಂದೆ ಬಲ್ಬ್ ಇಟ್ಟಿದ್ದಾರೆ ಅಂದುಕೊಂಡೆ, ಬಗ್ಗಿ ನೋಡಿದೆ, ಇರಲಿಲ್ಲ’ ಎಂದು ಒಬ್ಬ ಬರೆದ. ‘ಕರೆಂಟ್ ಹೋದಾಗ ನಮ್ಮವ್ವನೂ ಹೀಗೇ ಬರುತ್ತಾಳೆ, ಆದರೆ ಅವಳಿಗೆ ನಿಲ್ಲಲು ಪುರುಸೊತ್ತಿಲ್ಲ’ ಎಂದು ಒಬ್ಬ ಹುಡುಗಿ ಬರೆದಳು.

ನಿಧಾನ ಕಲಿಕೆಯವನೆಂದು ಹಾಜರಿ ಪುಸ್ತಕದಲ್ಲಿ ಗುರುತು ಹಾಕಲಾಗಿದ್ದ ಹುಡುಗನೊಬ್ಬ ನಾಲ್ಕೇ ಸಾಲು ಬರೆದಿದ್ದ. ಒತ್ತಕ್ಷರಗಳು ತಪ್ಪಿದ್ದವು. ತಿದ್ದಿ ಓದಿದರೆ ಹೀಗಿತ್ತು: ‘ಅವಳು ಕೈ ಅಡ್ಡ ಹಿಡಿದಿದ್ದಾಳೆ. ಅಂದರೆ ಗಾಳಿ ಇದೆ. ಗಾಳಿಯನ್ನು ಬರೆದಿಲ್ಲ. ಆದರೂ ಗಾಳಿ ಇದೆ.’

ಅಂಕದ ಪ್ರಶ್ನೆ

ರೂಪಣಾತ್ಮಕ ಮೌಲ್ಯಮಾಪನಕ್ಕೆ ಶಾಲೆಯಲ್ಲಿ ಬಳಸುತ್ತಿದ್ದ ಪಟ್ಟಿಯಲ್ಲಿ ಮಾಹಿತಿಗೆ 4, ಭಾಷಾಶುದ್ಧಿಗೆ 3, ಅಂದಕ್ಕೆ 3 ಅಂಕ. ಆ ಲೆಕ್ಕದಲ್ಲಿ ಗಾಳಿಯನ್ನು ಕಂಡ ಹುಡುಗನಿಗೆ ಹತ್ತಕ್ಕೆ ಎರಡು ಬರುತ್ತಿತ್ತು. ಫಲಕಗಳನ್ನು ನಕಲು ಮಾಡಿಕೊಂಡು ಬಂದವರಿಗೆ ಎಂಟು, ಒಂಬತ್ತು. ಪಟ್ಟಿಯಲ್ಲಿ ಅವಲೋಕನಕ್ಕೆ ಜಾಗವೇ ಇರಲಿಲ್ಲ.

ಮಾರ್ಗದರ್ಶಕ ಶಿಕ್ಷಕಿಯೊಡನೆ ಚರ್ಚಿಸಿದೆ. ಅವರ ಆಕ್ಷೇಪಣೆಯೂ ತೂಕದ್ದೇ ಆಗಿತ್ತು: ‘ಕಂಡದ್ದೆಲ್ಲ ಸರಿ ಎಂದರೆ ತಪ್ಪನ್ನು ತಿದ್ದುವುದು ಯಾವಾಗ? ಹನ್ನೊಂದು ಮಕ್ಕಳು ಇದನ್ನು ರವಿವರ್ಮನ ಚಿತ್ರ ಎಂದು ಬರೆದಿದ್ದಾರೆ.’ ಅದು ನಿಜ. ಗ್ಯಾಲರಿಯಲ್ಲಿ ರವಿವರ್ಮನ ಕೃತಿಗಳೂ ಇರುವುದರಿಂದ, ದೊಡ್ಡವರಲ್ಲೂ ಈ ತಪ್ಪು ರೂಢಿಯಲ್ಲಿದೆ. ಕೊನೆಗೆ ಹೀಗೆ ಒಪ್ಪಿಕೊಂಡೆವು: ಅವಲೋಕನಕ್ಕೆ 4, ಅದಕ್ಕೆ ಚಿತ್ರದಿಂದಲೇ ಕೊಟ್ಟ ಆಧಾರಕ್ಕೆ 3, ಮಾಹಿತಿಗೆ 2, ಭಾಷೆಗೆ 1. ಕಾಗುಣಿತದ ತಪ್ಪುಗಳನ್ನು ಪ್ರತ್ಯೇಕವಾಗಿ ತಿದ್ದಿಸುವುದು. ಗಾಳಿಯ ಹುಡುಗನಿಗೆ ಏಳು ಬಂತು.

ಮುಂದಿನ ತರಗತಿ

ರವಿವರ್ಮನ ತಪ್ಪನ್ನು ನಾನೇ ತಿದ್ದಲಿಲ್ಲ. ಹಲಗೆಯ ಮೇಲೆ ಎರಡು ಸಂಗತಿ ಬರೆದೆ: ರವಿವರ್ಮ ತೀರಿಕೊಂಡದ್ದು 1906, ಚಿತ್ರ ಬರೆದದ್ದು 1945–46. ‘ಏನನ್ನು ನೋಡಿ ಹಾಗೆ ಹೇಳುತ್ತೀಯ?’ ಎಂಬ ಅದೇ ಪ್ರಶ್ನೆಯನ್ನು ಕೇಳಿದೆ. ಹಿಂದಿನ ಬೆಂಚಿನಿಂದ ಉತ್ತರ ಬಂತು: ‘ಸತ್ತು ನಲವತ್ತು ವರ್ಷ ಆದಮೇಲೆ ಹೇಗೆ ಬರೀತಾರೆ ಮಿಸ್?’ ಹನ್ನೊಂದು ಮಂದಿಯೂ ತಮ್ಮ ವಾಕ್ಯವನ್ನು ತಾವೇ ಹೊಡೆದುಹಾಕಿದರು.

ಬಲ್ಬಿನ ಪ್ರಶ್ನೆಗೆ ಉತ್ತರ ಚಿತ್ರಕಲಾ ಅವಧಿಯಲ್ಲಿ ಸಿಕ್ಕಿತು. ಪಾರದರ್ಶಕ ಜಲವರ್ಣದಲ್ಲಿ ಬೆಳಕಿನ ಜಾಗಕ್ಕೆ ಬಿಳಿ ಬಣ್ಣ ಬಳಿಯುವುದಿಲ್ಲ. ಕಾಗದದ ಬಿಳುಪನ್ನೇ ಉಳಿಸಿಕೊಂಡು ಸುತ್ತಲೂ ಕತ್ತಲೆ ತುಂಬುತ್ತಾರೆ. ಮಕ್ಕಳು ಕಾಗದದ ನಡುವೆ ಹುಣಿಸೆಬೀಜದಷ್ಟು ಜಾಗ ಬಿಟ್ಟು ಸುತ್ತ ನೀಲಿ, ಕಪ್ಪು ಹಚ್ಚಿದರು. ಒಣಗಿದ ಮೇಲೆ ಬಿಟ್ಟ ಜಾಗ ಹೊಳೆಯಿತು. ಬಣ್ಣ ಹರಿದು ನಾಲ್ಕಾರು ದೀಪಗಳು ಆರಿಹೋದವು. ಅವರಿಗೆ ಎರಡನೆಯ ಕಾಗದ ಕೊಡಬೇಕಾಯಿತು.

ಈ ಪಾಠ ಮಾಡುವವರಿಗೆ

• ಮಾಹಿತಿಯನ್ನು ಬಿಟ್ಟುಬಿಡಬೇಡಿ, ತಡವಾಗಿ ಕೊಡಿ. ನೋಡಿದ ನಂತರ ಬಂದ ಇಸವಿಗೆ ಮಕ್ಕಳು ಕೆಲಸ ಹಚ್ಚುತ್ತಾರೆ.
• ಎರಡನೆಯ ಪ್ರಶ್ನೆಯನ್ನು ಸರಿ ಉತ್ತರಕ್ಕೂ ಕೇಳಿ. ತಪ್ಪಿದಾಗ ಮಾತ್ರ ಕೇಳಿದರೆ ಅದು ಗದರಿಕೆಯಾಗಿ ಕೇಳಿಸುತ್ತದೆ.
• ಅಂಕದ ಪಟ್ಟಿಯನ್ನು ಭೇಟಿಗೆ ಮುಂಚೆಯೇ ಮಕ್ಕಳಿಗೆ ತೋರಿಸಿ. ಅಂಕ ಯಾವುದಕ್ಕಿದೆಯೋ ಕಣ್ಣು ಅದರ ಕಡೆಗೇ ಹೋಗುತ್ತದೆ.
• ಬರೆಯಲು ಕಷ್ಟಪಡುವವರು ಹೇಳಲಿ, ಜೊತೆಗಾರರು ಬರೆದುಕೊಳ್ಳಲಿ.

ನನ್ನ ಅವಧಿ ಮುಗಿಯುವಾಗ ಮಾರ್ಗದರ್ಶಕ ಶಿಕ್ಷಕಿ ಆ ನಾಲ್ಕು ಸಾಲುಗಳನ್ನು ಹುಡುಗನಿಂದಲೇ ಒತ್ತಕ್ಷರ ತಿದ್ದಿಸಿ, ಅವನ ಕೈಬರಹದಲ್ಲೇ ತರಗತಿಯ ಗೋಡೆಪತ್ರಿಕೆಗೆ ಹಾಕಿಸಿದರು. ಹಾಜರಿ ಪುಸ್ತಕದ ಗುರುತು ಇನ್ನೂ ಹಾಗೇ ಇದೆ; ಅದನ್ನು ಮುಂದಿನ ಶಿಕ್ಷಕರ ಸಭೆಯಲ್ಲಿ ಪ್ರಸ್ತಾಪಿಸುವುದಾಗಿ ಹೇಳಿದ್ದಾರೆ.