ನಿಂತ ದಿನದ ಬಾಡಿಗೆ

ಸಾಯಂಕಾಲವಾಗುತ್ತಲೇ ನಮ್ಮೂರು ಶಹಾಪುರದ ಅಂಗಡಿಗಳಿಗೂ ಮಗ್ಗದ ಮನೆಗಳಿಗೂ ತಪ್ಪದೆ ಬರುವ ಪಿಗ್ಮಿಯವನ ಕೈಗೆ ದಿನಕ್ಕೆ ಐವತ್ತು ರೂಪಾಯಿಯಂತೆ ಎರಡು ವರ್ಷ ಕೊಟ್ಟು, ತಲೆಗೆ 36,500ರಂತೆ ನಾವು ಆರು ಜನ ಬಾಲ್ಯಮಿತ್ರರು 2,19,000 ರೂಪಾಯಿ ಕೂಡಿಸಿದುದು, ಹಿಮನದಿಗಳ ನಾಡನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬ ಆಸೆಯಿಂದ. ಪಿಗ್ಮಿಗೆ ಬಡ್ಡಿ ಅಲ್ಪವೆಂಬುದನ್ನು ಬಲ್ಲೆನು. ಆದರೆ ಕೈಮಗ್ಗದ ನೇಕಾರರ ಸಂಕಷ್ಟಕ್ಕೆ ನೆರವಾಗಲೆಂದು 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯು 1928ರಲ್ಲಿ, ದಿನಕ್ಕೆ ಎರಡಾಣೆಯಷ್ಟನ್ನು ಸಹ ಮನೆಬಾಗಿಲಿಗೆ ಬಂದು ಸಂಗ್ರಹಿಸುವಂತೆ ತೊಡಗಿಸಿದ ಈ ಪದ್ಧತಿಯು, ಅಂದಂದಿನ ದುಡಿಮೆ ಅಂದಂದೇ ಕರಗಿಹೋಗದಂತೆ ಕಾಯುವುದರಲ್ಲಿ ಅಸಮಾನವಾದುದು. ನಮ್ಮಲ್ಲೊಬ್ಬನು ಇಂದಿಗೂ ಮಗ್ಗವನ್ನೇ ನಂಬಿ ಬಾಳುವವನು. ಅವನೂ ನಮ್ಮೊಡನೆ ಸರಿಸಮನಾಗಿ ಕೂಡಿಸಬಲ್ಲವನಾದುದು ಈ ಐವತ್ತರ ಕ್ರಮದಿಂದಲೇ.

2022ರ ಜುಲೈಯಲ್ಲಿ ಗೋವಾ ಎಕ್ಸ್‌ಪ್ರೆಸ್ಸಿನಲ್ಲಿ ದಿಲ್ಲಿಗೆ ಹೋಗಿ, ಮಲಗುವ ಹಲಗೆ, ಗ್ಯಾಸಿನ ಒಲೆ, ನೀರಿನ ತೊಟ್ಟಿಗಳನ್ನೆಲ್ಲ ಒಡಲೊಳಗೆ ಇಟ್ಟುಕೊಂಡ ಒಂದು ಕ್ಯಾರವಾನನ್ನು ದಿನಕ್ಕೆ 9,000ದಂತೆ ಹನ್ನೆರಡು ದಿನಗಳಿಗೆ ಗೊತ್ತುಮಾಡಿಕೊಂಡೆವು. ಮೂರು ಕೋಣೆಗಳ ಬಾಡಿಗೆಯನ್ನೂ ಆರು ಜನರ ಹೋಟೆಲ್ ಊಟವನ್ನೂ ಟ್ಯಾಕ್ಸಿಯನ್ನೂ ಕೂಡಿಸಿ ನೋಡಿದರೆ ಇದು ದುಬಾರಿಯೇನೂ ಅಲ್ಲ. ಲೆಕ್ಕದ ವಹಿ ನನ್ನ ಕೈಯಲ್ಲಿತ್ತು. ಡೀಸೆಲ್, ಟೋಲ್, ದಿನಸಿ, ಹಿಂದಿರುಗುವ ಟಿಕೀಟು ಎಂದು ಪ್ರತಿಯೊಂದು ರೂಪಾಯಿಗೂ ಒಂದೊಂದು ಹೆಸರನ್ನು ಬರೆದಿಟ್ಟು, ಹೆಸರಿಲ್ಲದ ಹಣ ಒಂದು ಪೈಸೆಯೂ ಉಳಿಯದಂತೆ ನೋಡಿಕೊಂಡಿದ್ದೆನು. ಅದನ್ನೇ ಜಾಣತನವೆಂದು ಬಗೆದಿದ್ದೆನು.

2020ರ ಅಕ್ಟೋಬರಿನಲ್ಲಿ ತೆರೆದ 9.02 ಕಿಲೋಮೀಟರಿನ ಅಟಲ್ ಸುರಂಗವನ್ನು ದಾಟಿದೊಡನೆ ಹಸಿರು ಹಿಂದುಳಿದು ಲಾಹೌಲದ ಬೋಳುಬೆಟ್ಟಗಳು ಎದುರಾದವು. ಡಾಂಬರು ಬಿಟ್ಟು ಗಾಡಿಯನ್ನು ಒಯ್ಯಕೂಡದೆಂದು ಕರಾರಿನಲ್ಲಿದ್ದುದರಿಂದ ಅದನ್ನು ಸಿಸ್ಸುವಿನಲ್ಲಿ ನಿಲ್ಲಿಸಿ, ದಿನಕ್ಕೆ 4,000ದ ಒಂದು ಜೀಪನ್ನು ಹಿಡಿದು, ಗ್ರಾಂಫೂ, ಛತ್ರುಗಳ ಮಾರ್ಗವಾಗಿ ಚಂದ್ರಾ ನದಿಯ ದಡವನ್ನೇ ಅನುಸರಿಸಿ ಬಾತಲಿನವರೆಗೆ ಹೋದೆವು. ಆಚೆದಡದ ಕಣಿವೆಯೊಂದರಲ್ಲಿ ಸುಮಾರು ಒಂಬತ್ತು ಕಿಲೋಮೀಟರು ಉದ್ದದ ಛೋಟಾ ಶಿಗ್ರಿ ಇದೆ. ಶಿಗ್ರಿ ಎಂದರೆ ಆ ನಾಡಿನ ಮಾತಿನಲ್ಲಿ ಹಿಮನದಿ. ಅದರ ಮಂಜುಗಡ್ಡೆಯಲ್ಲಿ ಬಿದಿರುಗಳಗಳನ್ನು ಆಳವಾಗಿ ನೆಟ್ಟು, ಬೇಸಗೆಯಲ್ಲಿ ಅವು ಎಷ್ಟು ಹೊರಬಂದುವೆಂದು ಅಳೆದು, ಚಳಿಗಾಲದ ಹಿಮವನ್ನು ಜಮೆಗೂ ಕರಗಿದುದನ್ನು ಖರ್ಚಿಗೂ ಹಿಡಿದು ವಿಜ್ಞಾನಿಗಳು 2002ರಿಂದ ಲೆಕ್ಕವಿಟ್ಟಿರುವರು. ಖರ್ಚೇ ಮಿಕ್ಕ ವರ್ಷಗಳು ಅದರಲ್ಲಿ ಹೆಚ್ಚು. ಲೆಕ್ಕವನ್ನೇ ಬರೆದು ಬದುಕಿದ ನನಗೆ, ಆ ಬಿದಿರುಗಳಗಳನ್ನು ನೆನೆದಾಗ ಸಂಕಟವಾಯಿತು.

ಹಿಮ ಕರಗುವುದು ಬಿಸಿಲೇರಿದ ಮೇಲೆ. ಆದುದರಿಂದ ಬೆಳಿಗ್ಗೆ ಪಾದ ಮುಳುಗದಷ್ಟು ಹರಿಯುವ ನಾಲೆಯು ಮಧ್ಯಾಹ್ನಾನಂತರ ಬಂಡೆಗಳನ್ನು ಉರುಳಿಸುವಷ್ಟು ಉಬ್ಬುವುದು. ಬೆಳಕು ಹರಿಯುವಾಗಲೇ ಬಾತಲಿನಿಂದ ಮರಳಿ ಹೊರಡಬೇಕೆಂದು ಚಾಲಕನು ಎರಡು ಸಲ ಹೇಳಿದರೂ ನಾವು ಚಿತ್ರ ತೆಗೆಯುತ್ತ ತಡಮಾಡಿದೆವು. ಛೋಟಾ ದಡಾದ ಬಳಿ ನಾಲೆ ದಾಟಗೊಡಲಿಲ್ಲ, ಬಾತಲಿಗೆ ಹಿಂದಿರುಗಿದೆವು, ರಾತ್ರಿ ಮಳೆ ಹೊಡೆದು ದಾರಿ ಕುಸಿಯಿತು. ಹೀಗೆ ಎರಡು ದಿನ ಅಲ್ಲಿ ನಿಂತೆವು. ಅತ್ತ ಸಿಸ್ಸುವಿನಲ್ಲಿ, ಯಾರೂ ಮಲಗದ ಕ್ಯಾರವಾನಿನ ಬಾಡಿಗೆ ಮಾತ್ರ ನಿಲ್ಲಲಿಲ್ಲ. ಗಾಡಿಗೆ 18,000, ಜೀಪಿಗೆ 8,000, ತಪ್ಪಿದ ರೈಲಿನ ಬದಲು ಹೊಸ ಟಿಕೀಟುಗಳಿಗೆ 7,000: ತಲೆಗೆ 5,500.

ಢಾಬಾದ ಚಿಮಣಿ ಬೆಳಕಿನಲ್ಲಿ ನಾನು ಆ ಅಂಕಿಯನ್ನು ಗಟ್ಟಿಯಾಗಿ ಓದಿದೆನು. ಓದಬಾರದಿತ್ತು. ನೇಕಾರ ಗೆಳೆಯನು ತನ್ನ ಮುಂದಿದ್ದ ಎರಡನೆಯ ರೊಟ್ಟಿಯನ್ನು ಮೆಲ್ಲನೆ ಬುಟ್ಟಿಗೆ ಮರಳಿಸಿ, ಚಹಾ ಬೇಡವೆಂದು ಕೈಯಾಡಿಸಿ, "ದಾರಿ ತೆರದ ಮ್ಯಾಲೆ ನಾ ಬಸ್ಸಿಗೆ ಊರಿಗೆ ಹೋಗ್ತೀನಿ, ನೀವು ಮುಂದ ಹೋಗ್ರಿ," ಎಂದನು. ನಮಗೆ ತುಸು ಇರಿಸುಮುರಿಸೆನಿಸಿದ ಮೊತ್ತವು ಅವನಿಗೆ ಹದಿನೈದು ದಿನದ ನೇಯ್ಗೆ. ಇನ್ನೊಬ್ಬನು ಅವನ ಪಾಲನ್ನು ಕೊಟ್ಟನು. ನಾಲ್ಕು ತಿಂಗಳಲ್ಲಿ ಆ ಸಾಲ ಪೂರ್ತಿ ತೀರಿತು. ಆ ನಾಲ್ಕು ತಿಂಗಳೂ ಸೋಮವಾರದ ಸಂಜೆ ಕಪಿಲೇಶ್ವರ ದೇವಸ್ಥಾನದ ಬಳಿ ಕೂಡುವ ನಮ್ಮ ಗುಂಪಿಗೆ ಅವನು ಬರಲಿಲ್ಲ. ಅದನ್ನು ನಾನು ಯಾವ ಕಲಮಿಗೂ ಬರೆಯಲಾರೆನು.

ಗೆಳೆಯರೊಡನೆ ದೂರದ ದಾರಿ ಹಿಡಿಯುವವರು ತಡಕ್ಕೆಂದೇ ಒಂದು ಭಾಗವನ್ನು ಊರಿನಲ್ಲಿರುವಾಗಲೇ, ಎಲ್ಲರ ಕೈಯಿಂದಲೂ, ಎಲ್ಲರಿಗೂ ಸಲ್ಲುವಷ್ಟು ಸಣ್ಣ ಕಂತುಗಳಲ್ಲಿ ತೆಗೆದಿಡಬೇಕು. ದಾರಿಯಲ್ಲಿ ಕೇಳಿದ ಹಣವು ಗೆಳೆತನದಿಂದಲೇ ವಜಾ ಆಗುತ್ತದೆ. ನಮ್ಮ ಮುಂದಿನ ಪ್ರಯಾಣಕ್ಕಾಗಿ ಐವತ್ತರೊಂದಿಗೆ ತಲೆಗೆ ಹತ್ತು ರೂಪಾಯಿಯನ್ನು ಬೇರೆ ಕೂಡಿಸುವುದೆಂದು ನಿಶ್ಚಯಿಸಿ ಪಿಗ್ಮಿಯವನಿಂದ ಏಳನೆಯ ಪುಸ್ತಕವನ್ನು ಮಾಡಿಸಿದೆವು. ಯಾರ ಹೆಸರು ಬರೆಯಲೆಂದು ಅವನು ಕೇಳಿದನು. ನೇಕಾರ ಗೆಳೆಯನ ಹೆಸರನ್ನು ಬರೆಸಿದೆವು.