ವೇದಿಕೆ ಹತ್ತುವ ಲ್ಯಾಪ್‌ಟಾಪ್ ಹೇಗಿರಬೇಕು?

ಪ್ರಶ್ನೆ: ಹನ್ನೆರಡು ವರ್ಷಗಳಿಂದ ರಸಮಂಜರಿ ತಂಡವೊಂದರಲ್ಲಿ ಕೀಬೋರ್ಡ್ ನುಡಿಸುತ್ತಿದ್ದೇನೆ. ಮನೆಯಲ್ಲಿ ಹಾಡು ಕಟ್ಟುವುದಕ್ಕೂ ವೇದಿಕೆಯಲ್ಲಿ ನುಡಿಸುವುದಕ್ಕೂ ಒಂದೇ ಲ್ಯಾಪ್‌ಟಾಪ್ ಕೊಳ್ಳಬೇಕೆಂದಿದ್ದೇನೆ. ಅಂಗಡಿಯವರು ಗೇಮಿಂಗ್ ಲ್ಯಾಪ್‌ಟಾಪ್ ತಗೊಳ್ಳಿ ಅನ್ನುತ್ತಾರೆ. ಗೆಳೆಯರು ಮ್ಯಾಕ್ ಬಿಟ್ಟು ಬೇರೆ ನೋಡಲೇಬೇಡಿ ಅನ್ನುತ್ತಾರೆ. ಯಾರ ಮಾತು ಕೇಳಲಿ?
— ಓದುಗರೊಬ್ಬರು, ಶಿವಮೊಗ್ಗ ಜಿಲ್ಲೆ

ಉತ್ತರ: ಇಬ್ಬರೂ ನಿಮಗೆ ವೇಗದ ಲೆಕ್ಕ ಹೇಳುತ್ತಿದ್ದಾರೆ. ವೇದಿಕೆಗೆ ಬೇಕಾದ ಲೆಕ್ಕ ಬೇರೆ. ತಂಡಕ್ಕೆ ಮೃದಂಗದವರನ್ನು ಹುಡುಕುವಾಗ ಅವರು ಎಷ್ಟು ದುರಿತ ಕಾಲದಲ್ಲಿ ನುಡಿಸಬಲ್ಲರು ಎಂದು ಮೊದಲು ಕೇಳುವುದಿಲ್ಲ. ತಾಳ ನಿಲ್ಲುತ್ತದೆಯೇ ಎಂದು ಕೇಳುತ್ತೇವೆ. ಮೂರು ಗಂಟೆಯ ಕಾರ್ಯಕ್ರಮದಲ್ಲಿ ಒಂದು ಸಲವೂ ತಡ ಮಾಡದ ಲ್ಯಾಪ್‌ಟಾಪ್ ನಿಮಗೆ ಬೇಕು. ಅದನ್ನು ಗುರುತಿಸುವುದು ಹೇಗೆಂದು ತಿಳಿದರೆ ಗೇಮಿಂಗ್, ಮ್ಯಾಕ್ ಎಂಬ ಜಗಳ ತಾನಾಗಿ ಬಗೆಹರಿಯುತ್ತದೆ.

ಮನೆಗೆ ಆರ್‌ಸಿಸಿ ಹಾಕುವ ದಿನ ಕಾಂಕ್ರೀಟು ಬಾಂಡ್ಲಿಯಲ್ಲಿ ಕೈಯಿಂದ ಕೈಗೆ ದಾಟಿ ಮೇಲೇರುವುದನ್ನು ನೋಡಿರುತ್ತೀರಿ. ಲ್ಯಾಪ್‌ಟಾಪಿನಿಂದ ಸ್ಪೀಕರಿಗೆ ದನಿ ಹೋಗುವುದೂ ಹಾಗೆಯೇ. ಪ್ರೊಸೆಸರ್ ಒಂದು ಬಾಂಡ್ಲಿಯಷ್ಟು ದನಿಯನ್ನು ಲೆಕ್ಕ ಹಾಕಿ ಆಡಿಯೊ ಇಂಟರ್‌ಫೇಸ್ ಎಂಬ ಹೊರಗಿನ ಪೆಟ್ಟಿಗೆಯ ಕೈಗೆ ಕೊಡುತ್ತದೆ. ಅದು ಖಾಲಿಯಾಗುವುದರೊಳಗೆ ಮುಂದಿನದು ತುಂಬಿ ಬಂದಿರಬೇಕು. ಈ ಬಾಂಡ್ಲಿಗೆ ಬಫರ್ ಎಂದು ಹೆಸರು. ಸೆಕೆಂಡಿಗೆ 48,000 ಸ್ಯಾಂಪಲ್‌ಗಳ ಲೆಕ್ಕದಲ್ಲಿ, 256 ಸ್ಯಾಂಪಲ್‌ಗಳ ಬಫರ್ 5.3 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. 128ರದ್ದು 2.7 ಮಿಲಿಸೆಕೆಂಡಿನಲ್ಲಿ, 1,024ರದ್ದು 21 ಮಿಲಿಸೆಕೆಂಡಿನಲ್ಲಿ. ಬಾಂಡ್ಲಿ ದೊಡ್ಡದಾದಷ್ಟೂ ಪ್ರೊಸೆಸರಿಗೆ ಬಿಡುವು ಸಿಗುತ್ತದೆ, ಆದರೆ ಕೀ ಒತ್ತಿದ ಮೇಲೆ ದನಿ ಕೇಳುವುದು ತಡ. ಚಿಕ್ಕದಾದರೆ ದನಿ ಬೆರಳಿಗೆ ಅಂಟಿಕೊಂಡಂತೆ ಬರುತ್ತದೆ, ಪ್ರೊಸೆಸರಿಗೆ ಮಾತ್ರ ಉಸಿರಾಡಲು ಪುರುಸೊತ್ತಿಲ್ಲ. ಒಂದೇ ಒಂದು ಬಾಂಡ್ಲಿ ತಪ್ಪಿದರೂ ಸ್ಪೀಕರಿನಲ್ಲಿ ಚಟ್ ಎಂದು ಕೇಳುತ್ತದೆ.

ಎಷ್ಟು ತಡವಾದರೆ ಸಹಿಸಬಹುದು? ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅಂದರೆ 10 ಮಿಲಿಸೆಕೆಂಡ್ ಎಂದರೆ ಮಾನಿಟರ್ ಸ್ಪೀಕರಿನಿಂದ ಮೂರೂವರೆ ಮೀಟರ್ ದೂರದಲ್ಲಿ ಕೂತು ನುಡಿಸಿದಂತೆ. ವೇದಿಕೆಯ ಮೇಲೆ ನೀವು ಈಗಲೂ ಹಾಗೆಯೇ ಕೂರುತ್ತೀರಿ, ಬೆರಳು ಅದಕ್ಕೆ ಒಗ್ಗಿದೆ. ಹಳೆಯ ಐದು ಪಿನ್ನಿನ ಮಿಡಿ ಕೇಬಲ್ಲಿನಲ್ಲಿ ಒಂದು ಸ್ವರದ ಸಂದೇಶ ಹೋಗಲು ಹೆಚ್ಚುಕಡಿಮೆ 1 ಮಿಲಿಸೆಕೆಂಡ್ ಬೇಕು. ಇಂಟರ್‌ಫೇಸಿನ ಒಳಗೂ ಒಂದಿಷ್ಟು ಸೇರುತ್ತದೆ. ಆದ್ದರಿಂದ ವೇದಿಕೆಯಲ್ಲಿ 128 ಅಥವಾ 256, ಮನೆಯಲ್ಲಿ ಮಿಕ್ಸಿಂಗಿಗೆ ಕೂತಾಗ 1,024 ಇಟ್ಟುಕೊಳ್ಳಿ. ಯಂತ್ರ ಒಂದೇ, ಮನೆಗೊಂದು ವೇದಿಕೆಗೊಂದು ಹೊಂದಾಣಿಕೆ.

ಹಾಗಾದರೆ ಲ್ಯಾಪ್‌ಟಾಪ್ ಕಂಪನಿಯವರು ಹೇಳುವ ವೇಗದ ಅಂಕಿಗಳಲ್ಲಿ ತಪ್ಪೇನು? ಅವು ಸರಾಸರಿ. 256ರ ಬಫರಿನಲ್ಲಿ ಸೆಕೆಂಡಿಗೆ ಸುಮಾರು 187 ಬಾಂಡ್ಲಿ ದಾಟಬೇಕು. 186 ಹೊತ್ತಿಗೆ ಸರಿಯಾಗಿ ಬಂದು ಒಂದು ತಪ್ಪಿದರೆ ಸರಾಸರಿ ಚೆನ್ನಾಗಿಯೇ ಇರುತ್ತದೆ, ಕೇಳುವವರಿಗೆ ಸಿಗುವುದು ಆ ತಪ್ಪಿದ ಒಂದು.

ಇದನ್ನು ನಾನು ಕಲಿತದ್ದು ಗಣೇಶೋತ್ಸವದ ಒಂದು ಪೆಂಡಾಲಿನಲ್ಲಿ. ಸೌಂಡ್‌ಚೆಕ್ ಸಲೀಸಾಗಿ ಮುಗಿದಿತ್ತು. ಎರಡನೇ ಹಾಡಿನ ಪಲ್ಲವಿಗೆ ಸ್ಟ್ರಿಂಗ್ಸ್ ಹಿಡಿದು ಕೂತಿದ್ದೆ. ನಾಲ್ಕೈದು ಸೆಕೆಂಡಿಗೊಮ್ಮೆ ಚಟ್, ಮತ್ತೆ ಚಟ್. ಗಾಯಕಿ ಹಾಡುತ್ತಲೇ ತಿರುಗಿ ನೋಡಿದರು. ತಂತ್ರಾಂಶದಲ್ಲಿ ಸಿಪಿಯು ಮೀಟರ್ ಶೇಕಡಾ 30ನ್ನೂ ಮುಟ್ಟಿರಲಿಲ್ಲ. ಸ್ಟ್ರಿಂಗ್ಸ್ ಬಿಟ್ಟು ಕೀಬೋರ್ಡಿನ ಸ್ವಂತ ದನಿಯಲ್ಲೇ ಕಾರ್ಯಕ್ರಮ ಮುಗಿಸಿದೆ. ಮರುದಿನ ಲೇಟೆನ್ಸಿಮಾನ್ ಎಂಬ ತಂತ್ರಾಂಶ ಓಡಿಸಿ ನೋಡಿದಾಗ ಕಾರಣ ಸಿಕ್ಕಿತು: ವೈಫೈ ಡ್ರೈವರ್. ಮನೆಯ ವೈಫೈ ಸಿಗುವಲ್ಲಿ ತೆಪ್ಪಗಿದ್ದದ್ದು, ಪೆಂಡಾಲಿನಲ್ಲಿ ಸಂಪರ್ಕ ಹುಡುಕುತ್ತಾ ಆಗಾಗ ಪ್ರೊಸೆಸರನ್ನು ತನ್ನ ಕಡೆ ಎಳೆದುಕೊಳ್ಳುತ್ತಿತ್ತು. ಅಷ್ಟು ಹೊತ್ತಿಗೆ ಒಂದು ಬಾಂಡ್ಲಿ ತಪ್ಪುತ್ತಿತ್ತು. ವೈಫೈ ಆರಿಸಿದ ಮೇಲೆ ಅದೇ ಯಂತ್ರ, ಅದೇ ಹಾಡು, ಒಂದು ಚಟ್ ಕೂಡ ಇಲ್ಲ.

ಇನ್ನು ಕೊಳ್ಳುವ ಮಾತಿಗೆ ಬರೋಣ.

ಪ್ರೊಸೆಸರಿನಲ್ಲಿ ಕೋರುಗಳ ಸಂಖ್ಯೆ ಕಂಡು ಮರುಳಾಗಬೇಡಿ. ಒಂದು ಟ್ರ್ಯಾಕಿನಲ್ಲಿ ಸಿಂಥ್, ಅದರ ಮೇಲೆ ಈಕ್ಯೂ, ಅದರ ಮೇಲೆ ರಿವರ್ಬ್ ಇದ್ದರೆ, ಮೊದಲನೆಯದು ಮುಗಿಯದೆ ಎರಡನೆಯದು ಶುರುವಾಗುವಂತಿಲ್ಲ. ಆ ಇಡೀ ಸರಪಳಿ ಸಾಮಾನ್ಯವಾಗಿ ಒಂದೇ ಕೋರಿನ ಹೆಗಲಿಗೆ ಬೀಳುತ್ತದೆ. ನೇರವಾಗಿ ನುಡಿಸುವವರಿಗೆ ಹದಿನಾರು ಸಾಧಾರಣ ಕೋರುಗಳಿಗಿಂತ ಆರೆಂಟು ಗಟ್ಟಿ ಕೋರುಗಳು ಮೇಲು. ಯಂತ್ರಗಳನ್ನು ಹೋಲಿಸುವಾಗ ಸಿಂಗಲ್ ಕೋರ್ ಅಂಕವನ್ನು ನೋಡಿ.

ರ್‍ಯಾಮ್ 16 ಜಿಬಿಗೆ ಕಡಿಮೆ ಬೇಡ. ಕಾಂಟ್ಯಾಕ್ಟ್‌ನಂಥ ಸ್ಯಾಂಪ್ಲರ್‌ಗಳು ಪ್ರತಿ ಸ್ವರದ ಮೊದಲ ತುಣುಕನ್ನು ರ್‍ಯಾಮಿನಲ್ಲಿಟ್ಟುಕೊಂಡು, ಉಳಿದದ್ದನ್ನು ಡಿಸ್ಕಿನಿಂದ ಎಳೆಯುತ್ತಾ ನುಡಿಸುತ್ತವೆ. ಪಿಯಾನೊ, ಸ್ಟ್ರಿಂಗ್ಸ್, ಕೊಳಲು, ನಾದಸ್ವರ ಎಲ್ಲ ಒಟ್ಟಿಗೆ ತೆರೆದಿಟ್ಟರೆ 8 ಜಿಬಿ ಬೇಗ ತುಂಬಿಬಿಡುತ್ತದೆ. ಇಂದಿನ ಅನೇಕ ತೆಳು ಲ್ಯಾಪ್‌ಟಾಪುಗಳಲ್ಲಿ ರ್‍ಯಾಮ್ ಬೋರ್ಡಿಗೆ ಬೆಸೆದಿರುತ್ತದೆ, ಆಮೇಲೆ ಸೇರಿಸಲಾಗದು. ಡಿಸ್ಕ್ ಎಸ್‌ಎಸ್‌ಡಿಯೇ ಆಗಿರಲಿ. ತಿರುಗುವ ಹಾರ್ಡ್ ಡಿಸ್ಕಿಗೆ ಒಂದು ಜಾಗದಿಂದ ಇನ್ನೊಂದಕ್ಕೆ ಹಾರಲು ಸುಮಾರು 10 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಒಂದು ಬಾಂಡ್ಲಿಯ ಗಡುವು ಮುಗಿದಿರುತ್ತದೆ. 512 ಜಿಬಿ ಕನಿಷ್ಠ, ಆದರೆ 1 ಟಿಬಿ ಇದ್ದರೆ ನೆಮ್ಮದಿ.

ಶಾಖದ ಬಗ್ಗೆ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಬಿಸಿಯೇರಿದ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ನಿಧಾನವಾಗುತ್ತದೆ. ಏಸಿ ಅಂಗಡಿಯಲ್ಲಿ ಹತ್ತು ನಿಮಿಷ ಚೆನ್ನಾಗಿ ಓಡಿದ್ದು, ಏಪ್ರಿಲ್ ತಿಂಗಳ ಜಾತ್ರೆಯಲ್ಲಿ ಸಂಜೆ ನಾಲ್ಕರ ಬಿಸಿಲಿಗೆ ಸೌಂಡ್‌ಚೆಕ್ ಮಾಡುವಾಗ ಹಾಗೇ ಓಡುತ್ತದೆಂದು ನಂಬಬೇಡಿ. ಜೊತೆಗೆ ನಮ್ಮ ವೇದಿಕೆಗಳಲ್ಲಿ ಮೇಜಿಗೆ ವೆಲ್ವೆಟ್ ಬಟ್ಟೆ ಹೊದಿಸುತ್ತಾರೆ. ಲ್ಯಾಪ್‌ಟಾಪಿನ ಅಡಿಯಲ್ಲಿ ಗಾಳಿ ಎಳೆಯುವ ಕಿಂಡಿಗಳನ್ನು ಆ ಬಟ್ಟೆ ಮುಚ್ಚಿಬಿಡುತ್ತದೆ. ಒಂದು ಚಿಕ್ಕ ಲೋಹದ ಸ್ಟ್ಯಾಂಡ್ ಜೊತೆಗೇ ಕೊಳ್ಳಿ.

ಈಗ ಗೇಮಿಂಗ್ ಲ್ಯಾಪ್‌ಟಾಪ್. ಅದರ ಪ್ರೊಸೆಸರ್ ಗಟ್ಟಿ, ಫ್ಯಾನ್ ದೊಡ್ಡದು, ಯುಎಸ್‌ಬಿ ಕಿಂಡಿಗಳು ಹೆಚ್ಚು. ಅಷ್ಟರ ಮಟ್ಟಿಗೆ ಅಂಗಡಿಯವರ ಮಾತು ಸರಿ. ಆದರೆ ನೀವು ದುಡ್ಡು ಕೊಡುವ ಗ್ರಾಫಿಕ್ಸ್ ಕಾರ್ಡಿಗೆ ಸಂಗೀತದಲ್ಲಿ ಕೆಲಸವೇ ಇಲ್ಲವೆನ್ನಬಹುದು. ಅದರ ಡ್ರೈವರ್ ಕೆಲವು ಯಂತ್ರಗಳಲ್ಲಿ ನನ್ನ ವೈಫೈ ಮಾಡಿದ ಉಪದ್ರವವನ್ನೇ ಮಾಡುತ್ತದೆ. ಮನೆಯಲ್ಲಿ ಮೈಕ್ ಮುಂದೆ ಹಾಡು ರೆಕಾರ್ಡ್ ಮಾಡುವಾಗ ಆ ಫ್ಯಾನಿನ ಸದ್ದೂ ಸೇರಿಕೊಳ್ಳುತ್ತದೆ.

ಮ್ಯಾಕ್ ವಿಷಯದಲ್ಲಿ ನಿಮ್ಮ ಗೆಳೆಯರ ಮಾತಿನಲ್ಲಿ ತಥ್ಯವಿದೆ. ಕೋರ್ ಆಡಿಯೊ ಎಂಬ ಧ್ವನಿ ವ್ಯವಸ್ಥೆ ಮ್ಯಾಕ್‌ಓಎಸ್‌ನ ಒಳಗೇ ಇದೆ. ವಿಂಡೋಸ್‌ನಲ್ಲಿ ಅದೇ ಕೆಲಸಕ್ಕೆ, 1997ರಲ್ಲಿ ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ ತಂದ ಆಸಿಯೊ ಪದ್ಧತಿಯ ಡ್ರೈವರ್ ಬೇಕು. ಇಂಟರ್‌ಫೇಸ್ ತಯಾರಕರು ಅದನ್ನು ಚೆನ್ನಾಗಿ ಬರೆದಿದ್ದರೆ ವಿಂಡೋಸ್ ಯಂತ್ರವೂ ಅಷ್ಟೇ ಬಿಗಿಯಾಗಿ ನುಡಿಯುತ್ತದೆ. 2020ರ ನವೆಂಬರಿನಲ್ಲಿ ಬಂದ ಎಂ1 ಚಿಪ್ಪಿನಿಂದೀಚೆಗೆ ಮ್ಯಾಕ್‌ಬುಕ್‌ಗಳು ಚಾರ್ಜರ್ ಕಿತ್ತರೂ ಹೆಚ್ಚುಕಡಿಮೆ ಅದೇ ವೇಗದಲ್ಲಿ ಓಡುತ್ತವೆ. ಅನೇಕ ವಿಂಡೋಸ್ ಯಂತ್ರಗಳು ಬ್ಯಾಟರಿಗೆ ಬಂದೊಡನೆ ಮಂದವಾಗುತ್ತವೆ. ಜನರೇಟರ್ ನಂಬಿ ನಡೆಯುವ ಕಾರ್ಯಕ್ರಮಗಳಲ್ಲಿ ಇದು ಸಣ್ಣ ವಿಷಯವಲ್ಲ. ಆದರೆ ಈ ಚಿಪ್ಪಿನ ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಇಲ್ಲ. ಸದ್ದಿಲ್ಲದಿರುವುದು ರೆಕಾರ್ಡಿಂಗಿಗೆ ವರ, ಬಿಸಿಲಿನ ವೇದಿಕೆಗೆ ಮಿತಿ.

ಆಯ್ಕೆಯನ್ನು ಕೊನೆಗೆ ತೀರ್ಮಾನಿಸಬೇಕಾದ್ದು ನೀವು ಬಳಸುವ ತಂತ್ರಾಂಶ. ಮೇನ್‌ಸ್ಟೇಜ್ ಬೇಕೆಂದರೆ ಮ್ಯಾಕ್ ಬಿಟ್ಟು ದಾರಿಯಿಲ್ಲ. ವಿಂಡೋಸ್‌ನಲ್ಲಿ ಮಾತ್ರ ಓಡುವ ತಂತ್ರಾಂಶ ಬೇಕೆಂದರೆ ವಿಂಡೋಸ್. ಏಬಲ್‌ಟನ್ ಲೈವ್, ಕ್ಯೂಬೇಸ್, ರೀಪರ್, ಗಿಗ್ ಪರ್ಫಾರ್ಮರ್ ಎರಡರಲ್ಲೂ ಓಡುತ್ತವೆ.

ಇರುವ ದುಡ್ಡನ್ನೆಲ್ಲ ಲ್ಯಾಪ್‌ಟಾಪಿಗೇ ಸುರಿಯಬೇಡಿ. ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ನೇರವಾಗಿ ಮಿಕ್ಸರಿಗೆ ತಂತಿ ಎಳೆದರೆ, ಎಷ್ಟು ದುಬಾರಿ ಯಂತ್ರವಾದರೂ ಗುಂಯ್‌ಗುಡುವ ಅಪಾಯ ಇದ್ದೇ ಇದೆ. ಬ್ಯಾಲೆನ್ಸ್ಡ್ ಔಟ್‌ಪುಟ್ ಇರುವ ಒಂದು ಒಳ್ಳೆಯ ಇಂಟರ್‌ಫೇಸ್, ಗ್ರೌಂಡ್ ಲಿಫ್ಟ್ ಸ್ವಿಚ್ ಇರುವ ಡಿಐ ಬಾಕ್ಸ್, ಇವಕ್ಕೆ ಮೊದಲೇ ಹಣ ತೆಗೆದಿಡಿ. ಚಾರ್ಜರ್ ಚುಚ್ಚಿದಾಗ ಗುಂಯ್ ಎಂದು, ಕಿತ್ತಾಗ ನಿಂತರೆ ಅದು ಹೆಚ್ಚಾಗಿ ಗ್ರೌಂಡ್ ಲೂಪ್. ಲ್ಯಾಪ್‌ಟಾಪನ್ನೂ ಕೀಬೋರ್ಡನ್ನೂ ಒಂದೇ ಪವರ್ ಬೋರ್ಡಿಗೆ ಹಾಕಿ, ಡಿಐ ಬಾಕ್ಸಿನ ಸ್ವಿಚ್ ಒತ್ತಿ ನೋಡಿ. ಕೆಲವರು ಪ್ಲಗ್ಗಿನ ಅರ್ತ್ ಪಿನ್ನನ್ನೇ ಮುರಿದು ಸದ್ದು ನಿಲ್ಲಿಸುತ್ತಾರೆ. ದಯವಿಟ್ಟು ಯಾವತ್ತೂ ಹಾಗೆ ಮಾಡಬೇಡಿ. ಮಳೆ ನೆನೆದ ವೇದಿಕೆಯಲ್ಲಿ ಮೈಕ್ ಹಿಡಿದವರ ಜೀವ ಆ ಪಿನ್ನಿನ ಮೇಲಿರುತ್ತದೆ.

ಯುಎಸ್‌ಬಿ ಕಿಂಡಿ ಎರಡಾದರೂ ಇರಲಿ. ಯುಎಸ್‌ಬಿ 2.0 ಕಿಂಡಿಯಿಂದ ಸಿಗುವುದು 500 ಮಿಲಿಆಂಪಿಯರ್. ಇಂಟರ್‌ಫೇಸ್, ಮಿಡಿ ಕೀಬೋರ್ಡ್, ಪೆನ್‌ಡ್ರೈವ್ ಮೂರನ್ನೂ ಒಂದು ಅಗ್ಗದ ಹಬ್ಬಿಗೆ ಸಿಕ್ಕಿಸಿದರೆ ಯಾವುದಕ್ಕೂ ಸಾಲುವುದಿಲ್ಲ. ಇಂಟರ್‌ಫೇಸ್ ನೇರವಾಗಿ ಲ್ಯಾಪ್‌ಟಾಪಿಗೇ ಇರಲಿ. ಬ್ಲೂಟೂತ್ ಇಯರ್‌ಫೋನಿನಲ್ಲಿ ನುಡಿಸುವ ಯೋಚನೆ ಬೇಡವೇ ಬೇಡ. ಅದರ ತಡ ಸಾಮಾನ್ಯವಾಗಿ 100 ಮಿಲಿಸೆಕೆಂಡಿನ ಆಚೆ.

ಕೊಂಡ ಮೇಲೆ ಮಾಡಬೇಕಾದ ಕೆಲಸ ಕೊಳ್ಳುವುದಕ್ಕಿಂತ ದೊಡ್ಡದು. ಬೆಂಗಳೂರಿನ ರಾಡೆಲ್ ಕಂಪನಿಯ ಎಲೆಕ್ಟ್ರಾನಿಕ್ ತಂಬೂರಿ ಎಷ್ಟೋ ಕಛೇರಿಗಳಲ್ಲಿ ಕಲಾವಿದರ ಪಕ್ಕದಲ್ಲಿರುತ್ತದೆ. ಸ್ವಿಚ್ ಹಾಕಿದರೆ ಶ್ರುತಿ, ಆರಿಸಿದರೆ ಮೌನ. ಒಂದೇ ಕೆಲಸ ಗೊತ್ತಿರುವ ಪೆಟ್ಟಿಗೆ ಅದು, ಅದಕ್ಕೇ ಎಲ್ಲರೂ ನಂಬುತ್ತಾರೆ. ಲ್ಯಾಪ್‌ಟಾಪಿಗೆ ಸಾವಿರ ಕೆಲಸ ಗೊತ್ತು. ವೇದಿಕೆಯ ಮಟ್ಟಿಗೆ ಅದನ್ನೂ ಒಂದೇ ಕೆಲಸದ ಪೆಟ್ಟಿಗೆ ಮಾಡುವುದು ನಿಮ್ಮ ಜವಾಬ್ದಾರಿ. ವೈಫೈ, ಬ್ಲೂಟೂತ್ ಆರಿಸಿ. ಸ್ಲೀಪ್, ಸ್ಕ್ರೀನ್‌ಸೇವರ್, ನೋಟಿಫಿಕೇಶನ್ ಎಲ್ಲ ಆರಿಸಿ. ವಿಂಡೋಸ್ ಆದರೆ ಪವರ್ ಪ್ಲ್ಯಾನ್ ಹೈ ಪರ್ಫಾರ್ಮೆನ್ಸ್‌ನಲ್ಲಿರಲಿ, ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆರಿಸಿರಲಿ. ಕಾರ್ಯಕ್ರಮದ ವಾರ ಯಾವ ಅಪ್‌ಡೇಟನ್ನೂ ಮುಟ್ಟಬೇಡಿ. ಇಂಟರ್ನೆಟ್ ಇಲ್ಲದೆಯೂ ನಿಮ್ಮ ಪ್ಲಗಿನ್‌ಗಳೆಲ್ಲ ತೆರೆಯುತ್ತವೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಿ. ಲೈಸೆನ್ಸ್ ಪರಿಶೀಲಿಸಲು ನೆಟ್ ಕೇಳುವ ಪ್ಲಗಿನ್ ಹಳ್ಳಿಯ ಮೈದಾನದಲ್ಲಿ ಕೈಕೊಡುತ್ತದೆ. ನೇರವಾಗಿ ನುಡಿಸದ ಟ್ರ್ಯಾಕುಗಳನ್ನು ಆಡಿಯೊ ಆಗಿ ಇಳಿಸಿಕೊಳ್ಳಿ, ಪ್ರೊಸೆಸರಿನ ಹೊರೆ ಅರ್ಧ ಇಳಿಯುವುದು ಇಲ್ಲಿಯೇ.

ನನ್ನ ನೇರ ಸಲಹೆ ಇಷ್ಟು. ನಿಮ್ಮ ಹೆಚ್ಚಿನ ಕಾರ್ಯಕ್ರಮ ರಾತ್ರಿ ಅಥವಾ ಒಳಾಂಗಣದಲ್ಲಿದ್ದು, ಬೇಕಾದ ತಂತ್ರಾಂಶ ಮ್ಯಾಕ್‌ನಲ್ಲಿ ಸಿಗುವುದಾದರೆ 16 ಜಿಬಿಯ ಮ್ಯಾಕ್‌ಬುಕ್ ಏರ್ ಕೊಳ್ಳಿ. ಒಳ್ಳೆಯ ಸ್ಥಿತಿಯಲ್ಲಿರುವ ಸೆಕೆಂಡ್ ಹ್ಯಾಂಡ್ ಎಂ1 ಆದರೂ ಅಡ್ಡಿಯಿಲ್ಲ. ಬಯಲು ಕಾರ್ಯಕ್ರಮಗಳೇ ಹೆಚ್ಚೆಂದರೆ, ಅಥವಾ ಈಗಾಗಲೇ ವಿಂಡೋಸ್‌ನಲ್ಲಿ ಕೈ ಪಳಗಿದ್ದರೆ, ಒಳ್ಳೆಯ ಫ್ಯಾನ್ ಇರುವ, ಸಿಂಗಲ್ ಕೋರ್ ಗಟ್ಟಿಯಿರುವ, ರ್‍ಯಾಮ್ ಸೇರಿಸಲು ಜಾಗವಿರುವ ವಿಂಡೋಸ್ ಲ್ಯಾಪ್‌ಟಾಪ್ ಕೊಳ್ಳಿ. ಯಾವುದೇ ಆದರೂ ವಾಪಸ್ ಮಾಡಲು ಅವಕಾಶವಿರುವಾಗಲೇ ಪರೀಕ್ಷೆ ನಡೆಸಿ. ನಿಮ್ಮ ಅತಿ ಭಾರದ ಹಾಡನ್ನು ತೆರೆಯಿರಿ, ಬಫರ್ 128ಕ್ಕೆ ಇಳಿಸಿ, ಫ್ಯಾನ್ ಇಲ್ಲದ ಕೋಣೆಯಲ್ಲಿ ಮಧ್ಯಾಹ್ನದ ಹೊತ್ತು ಎರಡು ಗಂಟೆ ಕಾಲ ನುಡಿಸಿ. ಸಸ್ಟೇನ್ ಪೆಡಲ್ ತುಳಿದು ಎರಡೂ ಕೈಯಲ್ಲಿ ಸ್ವರ ತುಂಬಿ. ನಡುವೆ ಚಾರ್ಜರ್ ಕಿತ್ತು ಮತ್ತೆ ಹಾಕಿ. ಒಂದು ಚಟ್ ಕೇಳಿದರೂ ಕಾರಣ ಹುಡುಕಿ. ಸಿಗದಿದ್ದರೆ ಯಂತ್ರ ವಾಪಸ್ ಕೊಡಿ.

ಮೊದಲ ಕಾರ್ಯಕ್ರಮಕ್ಕೆ ಎಲ್ಲವನ್ನೂ ಲ್ಯಾಪ್‌ಟಾಪಿಗೆ ಒಪ್ಪಿಸಬೇಡಿ. ಒಂದೇ ಹಾಡಿನ ಸ್ಟ್ರಿಂಗ್ಸ್ ಅದರಿಂದ ಬರಲಿ, ಪಿಯಾನೊ ಕೀಬೋರ್ಡಿನ ಸ್ವಂತದ್ದೇ ಇರಲಿ. ಮಿಕ್ಸರಿನಲ್ಲಿ ಎರಡಕ್ಕೂ ಬೇರೆ ಬೇರೆ ಚಾನೆಲ್ ಕೇಳಿ ಪಡೆಯಿರಿ. ಲ್ಯಾಪ್‌ಟಾಪ್ ತಡವರಿಸಿದರೆ ಆ ಫೇಡರ್ ಕೆಳಗಿಳಿಯುತ್ತದೆ, ಹಾಡು ನಿಲ್ಲುವುದಿಲ್ಲ. ನಾಲ್ಕು ಕಾರ್ಯಕ್ರಮ ಅದು ತಾಳ ತಪ್ಪದೆ ಜೊತೆ ಕೊಟ್ಟ ಮೇಲೆ ಎರಡನೇ ಹಾಡು ಕೊಡಿ. ಹೊಸ ಮೃದಂಗದವರನ್ನು ತಂಡಕ್ಕೆ ಸೇರಿಸಿಕೊಳ್ಳುವಾಗಲೂ ನೀವು ಹೀಗೇ ಮಾಡುತ್ತೀರಲ್ಲವೇ?